ಒಂದೇ ಸೀಟಿನ ಗಾಡಿ

ಕಳೆದ ಕಾರ್ತೀಕದ ಒಂದು ಭಾನುವಾರ ನಮ್ಮ ಬೀದಿಗೆ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದಳು. ನಾನು ಕ್ಷೌರಕ್ಕೆ ಹೋಗಿದ್ದೆ. ಮನೆಗೆ ಬರುವಷ್ಟರಲ್ಲಿ ತಲೆಯ ಮೇಲಿನ ಕೂದಲಿನ ಜೊತೆಗೆ ಬೀರುವಿನಲ್ಲಿದ್ದ ನನ್ನ ಕಂದು ಸ್ವೆಟರೂ ಹೋಗಿತ್ತು. ಅದರ ಬದಲಿಗೆ ಅಡುಗೆಮನೆ ಕಟ್ಟೆಯ ಮೇಲೆ ಒಂದು ಡಬ್ಬಿ ಕೂತಿತ್ತು. ಡಬ್ಬಿ ಎಂದ ಕೂಡಲೇ ನೀವು ಅಕ್ಕಿ, ಬೇಳೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಹೆಬ್ಬೆರಳು ಇಳಿಬಿಟ್ಟರೆ ತಳ ಮುಟ್ಟುವಂಥದ್ದು.

"ಅದು ನಾನು 1994ರಲ್ಲಿ ಮೊದಲ ಬೋನಸ್ಸಿನಲ್ಲಿ ಕೊಂಡ ಸ್ವೆಟರ್" ಎಂದೆ.

"ಎರಡೂ ಮೊಣಕೈ ಹರಿದಿತ್ತಲ್ಲ ರೀ."

"ಮೊಣಕೈ ತಾನೇ? ಎದೆ ಗಟ್ಟಿಯಾಗಿತ್ತು."

"ಕೊನೇ ಸಲ ಹಾಕ್ಕೊಂಡಿದ್ದು ಯಾವಾಗ ಹೇಳಿ ನೋಡೋಣ?"

ಈ ಪ್ರಶ್ನೆಗೆ ಮಾನವಂತರು ಕೊಡಬಹುದಾದ ಉತ್ತರ ನನ್ನಲ್ಲಿರಲಿಲ್ಲ. ವಾದದಲ್ಲಿ ಸೋತವನಿಗೆ ಉಳಿಯುವುದು ಒಂದೇ ದಾರಿ. ನಾನು ಮಾತು ಬಿಟ್ಟೆ.

ಮಾತು ಬಿಡುವುದರಲ್ಲಿ ನನಗೆ ಮೂವತ್ತು ವರ್ಷಗಳ ಅನುಭವವಿದೆ. ಊಟವನ್ನೇ ಬಿಡುವುದು ಎಳಸುತನ. ಅದರಿಂದ ನಷ್ಟ ನಮಗೇ. ಊಟಕ್ಕೆ ಕೂರಬೇಕು, ಎರಡನೇ ಸಲ ಸಾರು ಕೇಳಬಾರದು, ಮಜ್ಜಿಗೆಗೆ ಕಾಯದೆ ಎದ್ದುಬಿಡಬೇಕು. ಎದ್ದದ್ದು ಕಾಣಿಸಬೇಕು, ಕಾಣಿಸಲೆಂದೇ ಎದ್ದದ್ದು ಎಂದು ಕಾಣಿಸಬಾರದು. ಆ ಭಾನುವಾರ ಮಜ್ಜಿಗೆ ಬಿಟ್ಟು ಎದ್ದು ಸೋಫಾದಲ್ಲಿ ಪೇಪರು ಹರಡಿಕೊಂಡೆ. ಅದೇ ಹೊತ್ತಿಗೆ ಪುಣೆಯಿಂದ ಮಗಳ ಫೋನು ಬಂತು. ನಮ್ಮಾಕೆ ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು.

"ಅಪ್ಪ ಏನು, ಸಲ್ಕ್ ಮಾಡ್ತಿದ್ದಾರಾ?"

"ಹಾಗಂದ್ರೆ?"

"ಅದೇ ಅಮ್ಮ, ಮೂತಿ ಊದಿಸ್ಕೊಂಡು ಕೂತ್ಕೊಳ್ಳೋದು."

"ಹಾಗಾದ್ರೆ ಹೌದು. ಹನ್ನೊಂದು ಗಂಟೆಯಿಂದ."

ಇಬ್ಬರೂ ನಕ್ಕರು. ನನಗೆ ನಗು ಬೇಸರ ತರಲಿಲ್ಲ, ಆ ಪದ ತಂದಿತು. ಸಲ್ಕ್. ಬಾಯಲ್ಲಿ ಹೇಳಿ ನೋಡಿ. ಬಚ್ಚಲಿನ ತೂತಿನಲ್ಲಿ ನೀರು ಕೊನೆಯ ಗುಟುಕು ಇಳಿಯುವಾಗ ಬರುವ ಸದ್ದು. ಇಷ್ಟು ಘನವಾದ ಕೆಲಸಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಇದೇ? ಮಾತು ಬಿಟ್ಟ ಮನುಷ್ಯನಿಗೆ ಸಮಯ ಬೇಕಾದಷ್ಟು ಇರುತ್ತದೆ. ಕಪಾಟಿನ ಮೇಲಿನಿಂದ ದಪ್ಪ ನಿಘಂಟನ್ನು ಇಳಿಸಿ ಧೂಳು ಕೊಡವಿದೆ. ಧೂಳಿಗೆ ನಾಲ್ಕು ಸಲ ಸೀನಿದೆ. ಮುನಿಸಿಕೊಂಡವನು ಸೀನಬಾರದು, ಗಾಂಭೀರ್ಯ ಹಾಳಾಗುತ್ತದೆ. ಸೀನಿನಲ್ಲಿ ನನ್ನದೇನು ನಡೆಯುತ್ತದೆ?

ಮೊದಲ ಆಶ್ಚರ್ಯವೆಂದರೆ ಈ ಪದಕ್ಕೆ ಅಂಥ ವಯಸ್ಸೇ ಆಗಿಲ್ಲ. ಸಲ್ಕ್ ಎಂಬ ಕ್ರಿಯಾಪದ ಕಾಣಿಸಿಕೊಳ್ಳುವುದು 1781ರ ಹೊತ್ತಿಗೆ. ಅದಕ್ಕಿಂತ ಮೊದಲೇ, 1744ರ ಸುಮಾರಿಗೆ, ಸಲ್ಕಿ ಎಂಬ ಗುಣವಾಚಕ ಹುಟ್ಟಿತ್ತು. ಅಂದರೆ ಇಂಗ್ಲೆಂಡಿನಲ್ಲಿ ಮೂತಿ ಊದಿಸಿಕೊಂಡವರು ಮೊದಲು ಬಂದರು, ಮೂತಿ ಊದಿಸುವ ಕೆಲಸ ಸುಮಾರು ನಾಲ್ಕು ದಶಕ ತಡವಾಗಿ ಬಂತು. ಇಂಗ್ಲಿಷಿನಲ್ಲಿ ಇಂಥ ಹಿಮ್ಮುಖ ಹೆರಿಗೆಗಳು ಇನ್ನೂ ಇವೆ. ಸೋಮಾರಿ ಎಂಬರ್ಥದ ಲೇಜಿಯಿಂದ ಲೇಜ್ ಎಂಬ ಕ್ರಿಯಾಪದ ಹುಟ್ಟಿದ್ದೂ ಹೀಗೆಯೇ. ಸೋಮಾರಿ ಮೊದಲು ಹುಟ್ಟಿ, ಅವನನ್ನು ನೋಡಿ ನೋಡಿ ಸೋಮಾರಿತನಕ್ಕೆ ಕ್ರಿಯಾಪದ ಕಟ್ಟಿದರು. ಸೋಮಾರಿಗೆ ಅದನ್ನು ತಾನೇ ಮಾಡಿಕೊಳ್ಳುವಷ್ಟು ಪುರುಸೊತ್ತು ಎಲ್ಲಿ?

ಸೋಮಾರಿಯನ್ನು ಎಳೆದು ತಂದದ್ದು ಸುಮ್ಮನೆ ಅಲ್ಲ. ಸಲ್ಕಿಯ ಮೂಲವನ್ನು ಯಾರೂ ಎದೆ ತಟ್ಟಿ ಹೇಳುವುದಿಲ್ಲ. ಹಳೆಯ ಇಂಗ್ಲಿಷಿನ ಆಸೊಲ್ಕೆನ್ ಎಂಬ ಮಾತಿನ ಕಡೆಗೆ ಪಂಡಿತರು ಬೆರಳು ತೋರಿಸುತ್ತಾರೆ, ಅಷ್ಟೇ. ಆ ಮಾತಿನ ಅರ್ಥ ಜಡ, ಆಲಸಿ, ನಿಧಾನಿ. ಇದನ್ನು ಓದಿ ನನಗೆ ಇನ್ನಷ್ಟು ಸಿಟ್ಟು ಬಂತು. ಮುನಿಸು ಸೋಮಾರಿಗಳ ಕಸುಬೇ? ಮುನಿಸಿಕೊಂಡವನ ದುಡಿಮೆ ಇವರಿಗೇನು ಗೊತ್ತು? ಮುಖದ ಸ್ನಾಯುಗಳನ್ನು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಹಿಡಿಯಬೇಕು. ಪಕ್ಕದ ಕೋಣೆಯಲ್ಲಿ ತಮಾಷೆಯ ಮಾತು ಬಂದರೆ ನಗು ನುಂಗಬೇಕು. ಟೀವಿಯ ರಿಮೋಟು ಎಲ್ಲಿದೆ ಎಂದು ಕೇಳಲಾಗದೆ ಮನೆಯೆಲ್ಲ ಹುಡುಕಬೇಕು.

ಅದಕ್ಕಿಂತ ಮರ್ಮಕ್ಕೆ ತಾಗಿದ್ದು ಮುಂದಿನ ಸಾಲು. ಸಲ್ಕಿಗೂ ಹಿಂದೆ, 1630ರ ದಶಕದಲ್ಲಿ, ಸಲ್ಕ್ ಎಂಬ ಇನ್ನೊಂದು ಗುಣವಾಚಕ ಇತ್ತಂತೆ, ಈಗ ಸತ್ತಿದೆ. ಅದನ್ನು ಬಳಸುತ್ತಿದ್ದದ್ದು ಸುಲಭಕ್ಕೆ ಮಾರಾಟವಾಗದ ಸರಕಿಗೆ. ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತ, ಯಾರೂ ಕೈಯಲ್ಲಿ ಎತ್ತಿ ನೋಡದೆ ಉಳಿದ ಮಾಲು. ಸೋಫಾದ ಮೂಲೆಯಲ್ಲಿ ಕೂತು ಇದನ್ನು ಓದುತ್ತಿದ್ದವನ ಸ್ಥಿತಿ ಊಹಿಸಿಕೊಳ್ಳಿ. ನನ್ನ ಸ್ವೆಟರಿಗಾದರೂ ಒಂದು ಡಬ್ಬಿಯ ಬೆಲೆ ಬಂದಿತ್ತು.

ಇಂಗ್ಲಿಷಿನಲ್ಲಿ ಮುನಿಸಿಗೆ ಒಂದೇ ಪದವಿದ್ದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆ. ಅದಕ್ಕೆ ನೆಂಟರು ಬಹಳ. ಸಲನ್ ಎಂಬ ಪದ ಲ್ಯಾಟಿನ್ನಿನ ಸೋಲಸ್‌ನಿಂದ ಬಂದದ್ದು. ಸೋಲಸ್ ಎಂದರೆ ಒಂಟಿ. ಮೊದಲು ಒಂಟಿಯಾಗಿರುವವನಿಗೆ ಹೇಳುತ್ತಿದ್ದದ್ದು ಬರಬರುತ್ತ ಸಿಡುಕು ಮೋರೆಯವನಿಗೆ ನಿಂತಿತು. ಇಂಗ್ಲಿಷಿನವರು ಕೋಪ ಬಂದಾಗ 'ತೆಗೆದುಕೊಳ್ಳುವ' ಅಂಬ್ರೇಜ್ ನೆರಳು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು, ನಮ್ಮ ಮಳೆಗಾಲದ ಅಂಬ್ರೆಲಾ ಅದರ ಒಡಹುಟ್ಟು. ಬೇಸರಕ್ಕೂ ಕೊಡೆಗೂ ಒಂದೇ ಮನೆತನವೆಂದರೆ ನಂಬಬಹುದು. ಎರಡನ್ನೂ ಬಿಡಿಸುವುದು ಸುಲಭ, ಮಡಿಸುವಾಗ ಬೆರಳು ಸಿಕ್ಕಿಕೊಳ್ಳುತ್ತದೆ.

ನನಗೆ ಬಹಳ ಹಿಡಿಸಿದ್ದು ಮಂಪ್ ಎಂಬುದು. ಮಂಪ್ ಎಂದರೆ ಮುಖ ಸಿಂಡರಿಸುವುದು. ಅದನ್ನು ಬಹುವಚನ ಮಾಡಿ, ಅವನಿಗೆ ಮಂಪ್ಸ್ ಬಂದಿದೆ ಎಂದರೆ ಒಂದು ಕಾಲದಲ್ಲಿ ಅವನು ಮುನಿಸಿಕೊಂಡಿದ್ದಾನೆ ಎಂದೇ ಅರ್ಥ. ಕಿವಿಯ ಕೆಳಗೆ ಗದ್ದದ ಎರಡೂ ಕಡೆ ಊದಿಕೊಳ್ಳುವ ಕಾಯಿಲೆಗೆ ಅದೇ ಹೆಸರು ಅಂಟಿತು. ರೋಗಿಯ ಮುಖ ಸಿಟ್ಟಾದವನ ಹಾಗೆ ಕಾಣುತ್ತದಲ್ಲ. ಆ ಕಾಯಿಲೆಗೆ ನಾವು ಇಟ್ಟ ಹೆಸರು ಮಂಗನಬಾವು. ಒಂದೇ ಊದಿದ ಕೆನ್ನೆ ನೋಡಿ ಅವರಿಗೆ ಮುನಿಸಿಕೊಂಡ ಮನುಷ್ಯ ನೆನಪಾದ, ನಮಗೆ ಕಡಲೆಕಾಯಿ ತುಂಬಿಕೊಂಡ ಕೋತಿ ನೆನಪಾಯಿತು. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ನಮ್ಮವರ ಕಣ್ಣೇ ಚುರುಕು.

ಸೋಮವಾರ ನನ್ನ ಕೈಗೆ ಸಿಕ್ಕಿದ್ದು ಗಾಡಿ.

ಸಲ್ಕಿ ಎಂಬ ಹೆಸರಿನ ಗಾಡಿಯೇ ಇದೆ. 1756ರ ಹೊತ್ತಿಗಾಗಲೇ ಆ ಹೆಸರು ಬಳಕೆಗೆ ಬಂದಿತ್ತು. ಎರಡು ಚಕ್ರ, ಒಂದು ಕುದುರೆ, ಮೇಲೆ ಒಬ್ಬನಿಗೆ ಮಾತ್ರ ಸೀಟು. ಪಕ್ಕದಲ್ಲಿ ಇನ್ನೊಬ್ಬರು ಕೂರುವ ಹಾಗೇ ಇಲ್ಲ. ಯಾರ ಸಹವಾಸವೂ ಬೇಡವೆನ್ನುವವನ ಗಾಡಿ ಎಂದು ಅದಕ್ಕೆ ಸಿಡುಕನ ಹೆಸರನ್ನೇ ಇಟ್ಟರು. ನಾನು ಹುಡುಗನಾಗಿದ್ದಾಗ ಹತ್ತಿದ ಜಟಕಾ ಗಾಡಿಗಳನ್ನು ನೆನೆಸಿಕೊಂಡೆ. ಒಬ್ಬರ ಮೊಣಕಾಲು ಇನ್ನೊಬ್ಬರ ಪಕ್ಕೆಗೆ, ನಡುವೆ ಕುದುರೆಯ ಹುಲ್ಲಿನ ಚೀಲ, ಹಿಂದೆ ತೂಕ ಹೆಚ್ಚಾಯಿತೆಂದು ಎಲ್ಲರೂ ಮುಂದೆ ಸರಿಯಬೇಕು. ಅದರಲ್ಲಿ ಮುನಿಸಿಕೊಂಡು ಕೂರುವುದು ಯಾವ ಋಷಿಗೂ ಸಾಧ್ಯವಿರಲಿಲ್ಲ.

ಅಮೆರಿಕದಲ್ಲಿ ಹಳ್ಳಿಯಿಂದ ಹಳ್ಳಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದ ವೈದ್ಯರು ಸಲ್ಕಿ ಗಾಡಿ ಇಟ್ಟುಕೊಳ್ಳುತ್ತಿದ್ದರಂತೆ. ಜಾಣತನ. ಪಕ್ಕದಲ್ಲಿ ಸೀಟಿದ್ದರೆ ದಾರಿಯುದ್ದಕ್ಕೂ ಯಾರಾದರೂ ಹತ್ತಿ ಬಿಟ್ಟಿ ಔಷಧಿ ಕೇಳುತ್ತಿದ್ದರು. 1875ರಲ್ಲಿ ಜಾನ್ ಡೀರ್ ಕಂಪನಿ ಗಿಲ್ಪಿನ್ ಸಲ್ಕಿ ಎಂಬ ನೇಗಿಲನ್ನು ತಂದಿತು. ರೈತ ಹಿಂದೆ ನಡೆಯದೆ ಮೇಲಿನ ಒಂದೇ ಸೀಟಿನಲ್ಲಿ ಕೂತು ಉಳಬಹುದಿತ್ತು. ಮುನಿಸು ಹೊಲ ಉತ್ತದ್ದು ಪ್ರಪಂಚದಲ್ಲಿ ಅದೊಂದೇ ಸಲ ಇರಬೇಕು.

ಆದರೆ ಸಲ್ಕಿಯ ನಿಜವಾದ ವೈಭವ ಇರುವುದು ಹಾರ್ನೆಸ್ ರೇಸಿನಲ್ಲಿ. ಅಮೆರಿಕ, ಆಸ್ಟ್ರೇಲಿಯಾ, ಫ್ರಾನ್ಸಿನಲ್ಲಿ ಇಂದಿಗೂ ನಡೆಯುವ ಪಂದ್ಯ. ಜಾಕಿ ಕುದುರೆಯ ಬೆನ್ನೇರುವುದಿಲ್ಲ. ಹಿಂದೆ ಕಟ್ಟಿದ ಸಲ್ಕಿಯಲ್ಲಿ ಕಾಲು ಚಾಚಿ ಕೂರುತ್ತಾನೆ. 1892ರಲ್ಲಿ ಎತ್ತರದ ಮರದ ಚಕ್ರ ತೆಗೆದು ಸೈಕಲ್ಲಿನಂಥ ಗಾಳಿ ತುಂಬಿದ ರಬ್ಬರ್ ಟಯರಿನ ಚಕ್ರ ಹಾಕಿದರು. ಅದೇ ವರ್ಷ ನ್ಯಾನ್ಸಿ ಹ್ಯಾಂಕ್ಸ್ ಎಂಬ ಹೆಣ್ಣು ಕುದುರೆ ಒಂದು ಮೈಲಿಯನ್ನು 2 ನಿಮಿಷ 4 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿತು. ಅದು ಅಬ್ರಹಾಂ ಲಿಂಕನ್ನರ ತಾಯಿಯ ಹೆಸರು. ಕುದುರೆಗೆ ಯಾಕಿಟ್ಟರೋ, ಮಗ ಬದುಕಿದ್ದರೆ ಖಂಡಿತ ಮಾತು ಬಿಡುತ್ತಿದ್ದ. ಜಡ, ನಿಧಾನಿ ಎಂಬ ಮಾತಿಗೆ ಹುಟ್ಟಿತೆಂದು ಹೇಳುವ ಪದ ಗಂಟೆಗೆ 29 ಮೈಲಿ ವೇಗದಲ್ಲಿ ಓಡಿತ್ತು! ನಿಘಂಟಿನ ಮೇಲೆ ನನಗಿದ್ದ ಅರ್ಧ ಸಿಟ್ಟು ಅಲ್ಲಿಗೆ ಇಳಿಯಿತು.

ಆ ಪಂದ್ಯದ ನಿಯಮ ಇನ್ನೂ ಸೊಗಸು. ಕುದುರೆ ಕುಕ್ಕುಲೋಟದಂಥ ಗೊತ್ತಾದ ನಡೆಯಲ್ಲಿಯೇ ಓಡಬೇಕು. ನಾಗಾಲೋಟಕ್ಕೆ ಬಿದ್ದಿತೋ, ಲಗಾಮು ಎಳೆದು ಮತ್ತೆ ಹದಕ್ಕೆ ತರಬೇಕು, ಅದರಿಂದ ಲಾಭ ಪಡೆಯುವ ಹಾಗಿಲ್ಲ. ಮುನಿಸಿನ ಶಾಸ್ತ್ರವೆಲ್ಲ ಇದರಲ್ಲಿದೆ. ಮುನಿಸಿಕೊಂಡವನು ಕೂಗಾಡಿಬಿಟ್ಟರೆ ಆಟ ಮುಗಿಯಿತು; ಅದು ಜಗಳವಾಯಿತು. ಜಗಳಕ್ಕೆ ಬೇರೆ ಗಾದೆಯಿದೆ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಮುನಿಸಿಗೆ ಈ ಲೆಕ್ಕ ಹತ್ತುವುದಿಲ್ಲ. ಮಜ್ಜಿಗೆ ಬಿಟ್ಟವನ ಊಟವನ್ನು ಪೂರ್ತಿ ಊಟವೆಂದು ಹೇಗೆ ಲೆಕ್ಕ ಹಿಡಿಯುತ್ತೀರಿ?

ನಮ್ಮಲ್ಲಿ ಸಿಟ್ಟು, ಕೋಪ, ಸೆಡವು, ಬಿಗುಮಾನ, ಮಕ್ಕಳ ಠೂ ಎಲ್ಲ ಇದ್ದರೂ ಮುನಿಸು ಅವುಗಳಿಗಿಂತ ಒಂದು ಮಣೆ ಮೇಲೆ ಕೂರುತ್ತದೆ. ಮುನಿ ಎಂದರೆ ಕೋಪಿಸಿಕೊಳ್ಳು ಎಂಬುದು ಅಚ್ಚಗನ್ನಡ ಧಾತು. ಸಂಸ್ಕೃತದಿಂದ ಬಂದ ಮುನಿ ಬೇರೆ, ಆತ ಮೌನದ ಕಡೆಯವನು. ಹುಟ್ಟಿನಿಂದ ಇಬ್ಬರಿಗೂ ಸಂಬಂಧವಿಲ್ಲ. ಕನ್ನಡದಲ್ಲಿ ಒಂದೇ ವಠಾರದಲ್ಲಿ ಬಾಡಿಗೆಗಿದ್ದು ಇದ್ದು, ದೂರ್ವಾಸರ ಕಾಗದ ಯಾರ ಮನೆಗೆ ಹಾಕಬೇಕೆಂದು ಅಂಚೆಯವನಿಗೇ ತಿಳಿಯದಷ್ಟು ಬೆರೆತುಹೋಗಿದ್ದಾರೆ. ಕೋಪ, ಮೇಲೆ ಮೌನ. ಸಲ್ಕ್ ಎಂಬ ಬಚ್ಚಲ ಸದ್ದಿಗಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಪಕ್ಷಪಾತದ ತೀರ್ಪು.

ಮಂಗಳವಾರ ಬೆಳಗ್ಗೆ ಸಿಕ್ಕಿದ್ದು ಬೂಡ್ವಾರ್. ದೊಡ್ಡ ಮನೆಗಳ ಹೆಂಗಸರ ಖಾಸಗಿ ಕೋಣೆ. ಕಾದಂಬರಿಗಳಲ್ಲಿ ಓದಿ, ಅಲ್ಲೇನೋ ಸುಗಂಧ, ರೇಷ್ಮೆ ಪರದೆ, ಪ್ರೇಮಪತ್ರ ಎಂದುಕೊಂಡಿದ್ದೆ. ಫ್ರೆಂಚಿನ ಬೂದೆ ಎಂಬ ಕ್ರಿಯಾಪದದಿಂದ ಬಂದ ಮಾತಂತೆ. ಬೂದೆ ಎಂದರೆ ಮೂತಿ ಊದಿಸುವುದು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಶ್ರೀಮಂತರು ಮುನಿಸಿಕೊಳ್ಳಲಿಕ್ಕೆ ಹೇಳಿಮಾಡಿಸಿದ ಹೆಸರಿನ ಕೋಣೆ ಕಟ್ಟಿಸಿಕೊಂಡಿದ್ದರು. ಡಾಮಿನೋ ಆಟದಲ್ಲಿ ಕೈಯಲ್ಲಿ ಸರಿಯಾದ ಬಿಲ್ಲೆಯಿಲ್ಲದೆ ಸರದಿ ಬಿಟ್ಟುಕೊಡುವುದಕ್ಕೂ ಫ್ರೆಂಚಿನಲ್ಲಿ ಹೇಳುವುದು ಬೂದೆ ಎಂದೇ. ಆಡಲು ಮಾತಿಲ್ಲದಾಗ ಮುನಿಸು ಎಂಬ ಈ ಸತ್ಯ ನನಗೆ ಭಾನುವಾರ ಹನ್ನೊಂದು ಗಂಟೆಗೇ ಗೊತ್ತಾಗಿತ್ತು.

ಫ್ರೆಂಚರು ಬೀಗಬೇಕಾಗಿಲ್ಲ. ಅಯೋಧ್ಯೆಯ ಅರಮನೆಯಲ್ಲಿ ಕ್ರೋಧಾಗಾರವಿತ್ತು. ಕೈಕೇಯಿ ಒಡವೆಗಳನ್ನೆಲ್ಲ ಕಿತ್ತೆಸೆದು ಬರಿ ನೆಲದ ಮೇಲೆ ಮಲಗಿದ್ದು ಅಲ್ಲಿಯೇ. ವಾಲ್ಮೀಕಿಯನ್ನು ಓದುವಾಗ ನನ್ನನ್ನು ಕಾಡುವ ಪ್ರಶ್ನೆ, ಆ ಅರಮನೆಯ ವಾಸ್ತು ಹಾಕಿದ ಪುಣ್ಯಾತ್ಮ ಯಾರು ಎಂದು. ಪಾಕಶಾಲೆ, ಕೋಶಾಗಾರ, ಆಮೇಲೆ ಇಲ್ಲೊಂದು ಸಿಟ್ಟಿನ ಕೋಣೆ ಬೇಕಾಗಬಹುದು ಎಂದು ದಶರಥನಿಗೆ ಹೇಳಿದ್ದು ಯಾರು? ಮೂವರು ರಾಣಿಯರೆಂದ ಮೇಲೆ ಯಾರೂ ಹೇಳಬೇಕಾಗಿರಲಿಲ್ಲವೋ ಏನೋ.

ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವನಿಗೆ ಇಂಥ ಅನುಕೂಲವಿಲ್ಲ. ಪಡಸಾಲೆಯಲ್ಲಿ ಟೀವಿ. ಮಲಗುವ ಕೋಣೆಯಲ್ಲಿ ಒಣಗಿದ ಬಟ್ಟೆಗಳ ಗುಡ್ಡೆ. ದೇವರ ಕೋಣೆಯಲ್ಲಿ ಹತ್ತು ನಿಮಿಷ ಬಿಗುಮಾನದಿಂದ ಕೂತರೆ ಭಕ್ತಿ ಹೆಚ್ಚಿತೆಂದು ಗಂಟೆ ಕೈಗೆ ಕೊಡುತ್ತಾರೆ. ನಾನು ತಾರಸಿಗೆ ಹೋದೆ. ನೀರಿನ ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ, ಒಣಹಾಕಿದ ಸಂಡಿಗೆಯ ಪಕ್ಕ, ಮುರಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ದಿಗಂತವನ್ನು ದಿಟ್ಟಿಸಿದೆ. ಎರಡೇ ನಿಮಿಷ. ಪಕ್ಕದ ತಾರಸಿಯಿಂದ ಆಂಟಿ ಕೇಳಿದರು, "ಏನ್ ಸಾರ್, ಸಂಡಿಗೆ ಕಾಯೋ ಕೆಲಸ ನಿಮಗೇ ಬಿತ್ತಾ?"

ಅವಮಾನಕ್ಕೆ ಉತ್ತರವಾಗಿ ಒಂದು ಸಂಡಿಗೆ ತಿಂದೆ. ಹಸಿಯಾಗಿತ್ತು.

ಹಾಗೆ ಕೂತಿದ್ದಾಗ ನನ್ನ ಸೋದರತ್ತೆಯ ಗಂಡ, ನಮಗೆಲ್ಲ ಮಾವ, ನೆನಪಾದರು. ನಮ್ಮ ವಂಶದಲ್ಲಿ ಮುನಿಸನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಅವರೇ. ಮದುವೆಯೆಂದರೆ ಮಾವ ಮುನಿಸಿಕೊಳ್ಳಲೇಬೇಕು. ಕಾಫಿ ತಡವಾಯಿತು, ಲಗ್ನಪತ್ರಿಕೆಯಲ್ಲಿ ಹೆಸರು ಮೂರನೆಯ ಸಾಲಿಗೆ ಹೋಯಿತು, ಕೊಟ್ಟ ಪಂಚೆಗೆ ಜರಿ ಅಂಚಿಲ್ಲ. ಜಾಗದ ಆಯ್ಕೆಯಲ್ಲಿ ಅವರದು ಎತ್ತಿದ ಕೈ. ಛತ್ರದ ಬಾಗಿಲಿಗೂ ಚಪ್ಪಲಿ ರಾಶಿಗೂ ನಡುವೆ ಕುರ್ಚಿ ಹಾಕಿಸಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ಈಗಲೇ ಹೊರಟೆ ಎಂಬ ಭಂಗಿ, ಆದರೆ ಹೊರಡುವುದಿಲ್ಲ. ಒಳಗೆ ಹೋಗುವವರೂ ಹೊರಗೆ ಬರುವವರೂ ಅವರನ್ನು ದಾಟಿಯೇ ಹೋಗಬೇಕು. ಹೆಣ್ಣಿನ ತಂದೆಯಾದವನು ಅಡುಗೆಯವರು, ಓಲಗದವರು, ಪುರೋಹಿತರ ಜೊತೆಗೆ ಮಾವನನ್ನು ಸಮಾಧಾನ ಮಾಡಲಿಕ್ಕೂ ಒಬ್ಬರನ್ನು ಗೊತ್ತುಮಾಡಿರುತ್ತಿದ್ದ.

ಹಾಸನದ ಕಡೆಯ ಒಂದು ಮದುವೆಯಲ್ಲಿ ಎಡವಟ್ಟಾಯಿತು. ಜಡಿಮಳೆ, ಕರೆಂಟು ಹೋಗಿತ್ತು, ಗಂಡಿನವರ ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ಗೊತ್ತುಮಾಡಿದ್ದವನೇ ಬಸ್ಸು ತಳ್ಳಲು ಹೋಗಿದ್ದ. ಮಾವ ಕೂತೇ ಕೂತರು. ಮುಹೂರ್ತ ಮುಗಿಯಿತು, ಮೊದಲ ಪಂಕ್ತಿ ಎದ್ದಿತು, ಎರಡನೆಯದಕ್ಕೆ ಎಲೆ ಬಿತ್ತು. ಯಾರೂ ಕೇಳಲಿಲ್ಲ. ಕೊನೆಗೆ ಚಪ್ಪಲಿ ಹುಡುಕುತ್ತಿದ್ದ ಹತ್ತು ವರ್ಷದ ನನ್ನನ್ನು ಸನ್ನೆ ಮಾಡಿ ಕರೆದರು.

"ಒಳಗೆ ಹೋಗಿ, ಮಾವ ಸಿಟ್ಟಾಗಿದ್ದಾರೆ ಅಂತ ಯಾರಿಗಾದರೂ ಹೇಳು. ನಾನು ಹೇಳ್ದೆ ಅಂತ ಹೇಳಬೇಡ ಮತ್ತೆ."

ನಾನು ಒಳಗೆ ಹೋದೆ. ಬಿಸಿ ಒಬ್ಬಟ್ಟಿನ ತಟ್ಟೆ ಎದುರಿಗೆ ಬಂತು. ಮಾವ ಮರೆತೇಹೋದರು. ಮೂರನೆಯ ಪಂಕ್ತಿಯಲ್ಲಿ ಕೂತು ಎರಡನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುವಾಗ ಎದೆ ಧಸಕ್ಕೆಂದು ನೆನಪಾಗಿ ತಲೆಯೆತ್ತಿದೆ. ಎರಡು ಎಲೆ ಆಚೆ ಮಾವ ಕೂತಿದ್ದರು. ಕೈಚೀಲ ಪಕ್ಕದಲ್ಲೇ ಇತ್ತು.

"ಯಾರು ಕರೆದರು ಮಾವ?"

"ಒಬ್ಬಟ್ಟು" ಎಂದರು.

ಕೆರೆಯ ಮೇಲೆ ಸಿಟ್ಟು ಮಾಡಿಕೊಂಡು ತೊಳೆಯದೆ ಎದ್ದುಬಂದವನ ಗಾದೆಯನ್ನು ಅವರಿಗೆ ಯಾರೂ ಅನ್ವಯಿಸಲಾರರು. ಮಾವ ಯಾವತ್ತೂ ತೊಳೆದೇ ಬಂದವರು. ಇಂಗ್ಲಿಷಿನವನು ಗಾಡಿಗೆ ಒಂದೇ ಸೀಟಿಟ್ಟದ್ದು ಅದಕ್ಕೇ ನನಗೆ ಅರ್ಥವಾಗುವುದಿಲ್ಲ. ಮಾವನ ಗಾಡಿಗೆ ಕಡಿಮೆಯೆಂದರೆ ಎರಡು ಸೀಟು ಬೇಕು: ಒಂದು ಮುನಿಸಿಕೊಂಡವನಿಗೆ, ಇನ್ನೊಂದು ರಮಿಸಲು ಬಂದವನಿಗೆ. ಎರಡನೆಯದು ಖಾಲಿಯಿದ್ದರೆ ಗಾಡಿ ಹೂಡುವುದೇ ದಂಡ. ಇಂಗ್ಲಿಷಿನವರು ರಮಿಸುವುದಕ್ಕೆ ಕೋಕ್ಸ್ ಎನ್ನುತ್ತಾರೆ. ಆ ಪದವನ್ನೂ ನೋಡಿಬಿಟ್ಟೆ. ಹದಿನಾರನೆಯ ಶತಮಾನದಲ್ಲಿ ಕೋಕ್ಸ್ ಎಂದರೆ ಪೆದ್ದ. ಯಾರನ್ನಾದರೂ ಕೋಕ್ಸ್ ಮಾಡುವುದೆಂದರೆ ಪೆದ್ದನನ್ನಾಗಿ ಮಾಡುವುದು. ಮಾವನಿಗೆ ಇದು ಗೊತ್ತಾಗಿದ್ದರೆ ಇನ್ನೊಂದು ಮದುವೆಗಾಗುವಷ್ಟು ಕಾರಣ ಸಿಗುತ್ತಿತ್ತು.

ಮಂಗಳವಾರ ಸಂಜೆಗೆ ನನ್ನ ಸ್ಥಿತಿ ಬಿಗಡಾಯಿಸಿತು. ಸ್ವೆಟರಿನ ದುಃಖ ತಡೆದುಕೊಳ್ಳಬಹುದಿತ್ತು. ಹೊಟ್ಟೆಯೊಳಗೆ ತುಂಬಿಕೊಂಡಿದ್ದ ಬೂಡ್ವಾರ್, ನ್ಯಾನ್ಸಿ ಹ್ಯಾಂಕ್ಸ್, ಮಂಗನಬಾವುಗಳನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುವುದು ಆಗಲಿಲ್ಲ. ಇನ್ನೂ ಪೆಚ್ಚಾಗಿಸಿದ ಸಂಗತಿಯೆಂದರೆ, ಎರಡು ದಿನದಲ್ಲಿ ನಮ್ಮಾಕೆ ಒಮ್ಮೆಯಾದರೂ ರಮಿಸಲು ಬಂದಿರಲಿಲ್ಲ. ಹಾಡು ಗುನುಗುತ್ತ ಬೀರು ಪೂರ್ತಿ ಒಪ್ಪ ಮಾಡಿ ಮುಗಿಸಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಗೋಡೆಗೆ ಹೇಳುವವನ ಹಾಗೆ ಹೇಳಿದೆ:

"ಮುನಿಸಿಕೊಂಡವರಿಗೆ ಅಂತಲೇ ಇಂಗ್ಲಿಷಿನವರು ಒಂದು ಗಾಡಿ ಮಾಡಿದ್ದರು. ಒಂದೇ ಸೀಟು. ಪಕ್ಕದಲ್ಲಿ ಯಾರೂ ಇಲ್ಲ. ಎಷ್ಟು ದೂರ ಬೇಕಾದರೂ ಒಬ್ಬನೇ ಹೋಗಬಹುದು."

ಅವಳು ಕುಕ್ಕರಿನ ಮುಚ್ಚಳ ತೆಗೆದು ಸೌಟು ಆಡಿಸಿದಳು. ತಿರುಗಿ ನೋಡಲಿಲ್ಲ.

"ಒಬ್ಬರೇ ಹೋಗಲಿ, ಯಾರು ಬೇಡ ಅಂದ್ರು? ಕುದುರೆಗೆ ಹುರುಳಿ ಬೇಯಿಸೋರು ಯಾರು?"

ಕುಕ್ಕರಿನಲ್ಲಿದ್ದದ್ದು ಹುರುಳಿಯೇ. ಆ ರಾತ್ರಿ ಹುರುಳಿಕಾಳಿನ ಸಾರಿಗೆ ಮೂರು ಸಲ ಕೈಯೊಡ್ಡಿದೆ, ಮಜ್ಜಿಗೆಗೂ ಕಾದು ಕೂತೆ. ನ್ಯಾನ್ಸಿ ಹ್ಯಾಂಕ್ಸಿನ ಕಥೆಯನ್ನು ಅವಳು ಪೂರ್ತಿ ಕೇಳಿಸಿಕೊಂಡಳು. ಲಿಂಕನ್ನರ ತಾಯಿಯ ಹೆಸರು ಎಂದಾಗ ಮಾತ್ರ "ಅಯ್ಯೋ ಪಾಪ" ಎಂದಳು.

ಡಬ್ಬಿಯಲ್ಲಿ ಈಗ ಲವಂಗ ಹಾಕಿಟ್ಟಿದ್ದಾಳೆ. ಐವತ್ತು ಗ್ರಾಂ ಪೊಟ್ಟಣದ ಅರ್ಧವೂ ಅದರಲ್ಲಿ ಹಿಡಿಸುವುದಿಲ್ಲ.